ಗದ್ದುಗಿ ಕಂಬಳಿ

ಹೋದ ವರ್ಷ ನಾಗರಪಂಚಮಿಯ ಹಿಂದಿನ ದಿನ, ದರಿಬಡಚಿಯಲ್ಲಿ ನನ್ನ ಅಕ್ಕ ತಾನೇ ನೇಯ್ದ ಕಂಬಳಿಯನ್ನು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ಎರಡು ತುಂಡು ಮಾಡಿದಳು. ಕತ್ತರಿ ಕೊಟ್ಟವರು ಅವಳ ಮಾವ.

ಹಬ್ಬಕ್ಕೆ ಅವಳನ್ನು ತವರಿಗೆ, ವಳಸಂಗಕ್ಕೆ, ಕರೆದೊಯ್ಯಲು ನಾನು ಹೋಗಿದ್ದೆ. ಭಾವ ಕುರಿ ಹಿಂಡಿನ ಜೊತೆ ಹೊಳೆಸಾಲಿಗೆ ಹೋಗಿದ್ದರು. "ಹಿರ್ಯಾರು ಕಂಬಳಿ ನೋಡಾಕ ಬರ್ತಾರ. ಅವರ ಮಾತು ಕೇಳಿ ಹೋಗೂಣು," ಎಂದಳು ಅಕ್ಕ.

ಅಕ್ಕನ ಗಂಡನ ಮನೆಯ ಕೇರಿಯಲ್ಲಿ ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ. ನೇಯುವವರು ಕಾಲಿಳಿಸಿ ಕೂರುವ ಮಗ್ಗದ ಕುಣಿಗೆ ಹೆಣ್ಣು ಇಳಿಯುವಂತಿಲ್ಲ. ಮಾವನ ಕೈ ನಡುಗತೊಡಗಿದ ಮೇಲೆ ಅಕ್ಕ ಇಳಿದಳು. ಬಾಗಿಲು ಮುಚ್ಚಿ ನೇಯ್ದಳು. ಮಾವ ಮೇಲೆ ಕೂತು ತಪ್ಪು ತೋರಿಸುತ್ತಿದ್ದರು. ಅವಳಿಗೆ ಬೇಕಾಗಿದ್ದು ಒಂದೇ: ಕೇರಿಯ ಹಿರಿಯರು ಅದನ್ನು ಗದ್ದುಗಿ ಕಂಬಳಿ ಎನ್ನಬೇಕು.

ದೇವರ ಗದ್ದುಗೆಗೆ ಹಾಸಲು ತಕ್ಕದ್ದು ಎಂಬುದು ಆ ಮಾತಿನ ಅರ್ಥ. ಬಳಕೆಯಲ್ಲಿ ಅದು ಒಬ್ಬರ ಜೀವಮಾನದ ಕೆಲಸಕ್ಕೆ ಮೀಸಲು. ಸುಮ್ಮನೆ ಚೆನ್ನಾಗಿರುವ ಕಂಬಳಿಗೆ ಯಾರೂ ಅದನ್ನು ಖರ್ಚು ಮಾಡುವುದಿಲ್ಲ. ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ಇದಕ್ಕೆ ಹತ್ತಿರದ ಪದ ಮೇರುಕೃತಿ. ಸೀರೆ ಅಂಗಡಿಯ ಉದ್ಘಾಟನೆಯ ಸುದ್ದಿಗೂ ಅದನ್ನೇ ಬರೆಯುತ್ತಿದ್ದೆವು. ಸುದ್ದಿ ಸಂಪಾದಕರು ನಿಲ್ಲಿಸಿದರು: "ಸತ್ತವರ ಕೆಲಸಕ್ಕಷ್ಟೇ ಹಾಕ್ರಿ. ಅವರು ಇನ್ನೊಂದು ಕೆಟ್ಟದ್ದು ಮಾಡಂಗಿಲ್ಲ."

ಹಿರಿಯರು ಬಂದರು. ಕಂಬಳಿಯ ಮೂಲೆಗಳನ್ನು ಗೂಟಗಳಿಗೆ ಕಟ್ಟಿ, ನಡುವೆ ಒಂದು ಕೊಡ ನೀರು ಸುರಿದರು. ಚಹಾ ಕುಡಿದರು, ಎಲೆ ಅಡಿಕೆ ಹಾಕಿಕೊಂಡರು. ಕೆಳಗಿನ ಮಣ್ಣು ಒಣಗಿಯೇ ಇತ್ತು.

"ಗದ್ದುಗಿ ಕಂಬಳಿ," ಎಂದರು ಅವರಲ್ಲಿ ದೊಡ್ಡವರು. ಆಮೇಲೆ ಮಾವನ ಕೈಯಲ್ಲಿ ತುಳುಕುತ್ತಿದ್ದ ಚಹಾದ ಬಸಿ ನೋಡಿದರು. "ಲೇ ಮುದುಕಾ, ಚಹಾ ತುಟಿತನಕ ಒಯ್ಯಾಕ ಆಗವಲ್ದು ನಿನಗ. ಲಾಳಿ ಹೆಂಗ ಒಗದಿ?"

ಎಲ್ಲರೂ ನಕ್ಕರು. ಮಾವ ನಗಲಿಲ್ಲ.

"ನಾ ನೇಯ್ದೀನ್ರಿ," ಬಾಗಿಲಲ್ಲಿ ನಿಂತ ಅಕ್ಕ ಹೇಳಿದಳು.

ದೊಡ್ಡವರು ಎದ್ದು ಒಂದು ಮೂಲೆ ಬಿಚ್ಚಿ ನೀರು ಚೆಲ್ಲಿದರು. "ಚಲೋ ಐತಿ ಬಿಡವ್ವಾ. ಹೊದ್ಕೊಳ್ಳಾಕ ಚಲೋ ಐತಿ."

"ಈಗರ ಗದ್ದುಗಿ ಕಂಬಳಿ ಅಂದ್ರಲ್ರಿ?"

"ಯಾರಂದ್ರು?" ಅವರು ಪಕ್ಕದವರ ಕಡೆ ತಿರುಗಿದರು. "ನೀ ಅಂದೇನೋ?"

"ನನಗ ಕಿವಿ ಮಂದ ಅದಾವು," ಎಂದರು ಪಕ್ಕದವರು. ಮತ್ತೆ ನಗು.

ಅವರು ಹೋದ ಮೇಲೆ ಮಾವ ಕತ್ತರಿ ತಂದು ಅಕ್ಕನ ಮುಂದಿಟ್ಟರು. "ನೇಯಾಕ ಬಂತು. ಕೊಯ್ಯಾಕ ಬರ್ತೈತೇನು ನೋಡೂಣು."

ನಾನು ಬಾಯಿ ತೆರೆದೆ. "ನೀವು ಪೇಪರಿನವರು, ಕುಂದ್ರಿ. ಬರಕೊಳ್ರಿ," ಎಂದರು ಮಾವ.

ಒದ್ದೆ ಉಣ್ಣೆ ಕತ್ತರಿಗೆ ಸುಲಭವಾಗಿ ಸಿಗಲಿಲ್ಲ. ಅಕ್ಕ ಎರಡೂ ಕೈಯಿಂದ ಒತ್ತಿ ಕೊಯ್ದಳು. ಅಂಚು ನೆಟ್ಟಗೆ ಬಂತು. ಮಾವ ಅದರ ಮೇಲೆ ಬೆರಳಾಡಿಸಿ "ಬರೋಬರ್ ಐತಿ" ಎಂದರು. ಒಂದು ತುಂಡನ್ನು ತಮಗೆ ಹೊದೆಯಲು ಒಣಹಾಕಿಸಿದರು. ಇನ್ನೊಂದನ್ನು ಕುರಿಮರಿಗಳ ಗೂಡಿಗೆ ಹಾಸಿಸಿದರು.

ಅಕ್ಕ ಹಬ್ಬಕ್ಕೆ ಬರಲಿಲ್ಲ. "ಮಾವಗ ಉಣ್ಣಾಕ ನೀಡವರು ಯಾರು?" ಎಂದಳು.

ಈ ವರ್ಷ ಮಾವ ತೀರಿಕೊಂಡರು. ಹೆಣದ ಮೇಲೆ ಅವರು ಹೊದೆಯುತ್ತಿದ್ದ ತುಂಡನ್ನೇ ಹೊದಿಸಿದ್ದರು. ಅದೇ ದೊಡ್ಡವರು ಬಂದರು, ಉಣ್ಣೆಯನ್ನು ಬೆರಳಲ್ಲಿ ತಿಕ್ಕಿದರು, ನೆರೆದವರಿಗೆ ಕೇಳುವಂತೆ ಹೇಳಿದರು: "ಗದ್ದುಗಿ ಕಂಬಳಿ. ಮುದುಕ ನೇಯ್ದದ್ದು." ಅಕ್ಕ ಹೆಣದ ಕಾಲ ಬಳಿ ಕೂತಿದ್ದಳು. ಕಂಬಳಿಯ ಸಮೇತ ಹೂಳಿದರು.

ಇನ್ನೊಂದು ತುಂಡು ಗೂಡಿನಲ್ಲೇ ಇದೆ. ಹೋದ ವಾರದ ಮಳೆಗೆ ಗೂಡಿನ ಮಾಡು ಸೋರಿತು. ಕಂಬಳಿಯ ಮೇಲೆ ನೀರು ನಿಂತಿತ್ತು. ಕೆಳಗೆ ಇಳಿದಿರಲಿಲ್ಲ.