ಕರಡಿಯನ್ನು ಅಪ್ಪಿಕೊಳ್ಳಬೇಕಂತೆ

ರಾಷ್ಟ್ರೀಯ ಉದ್ಯಾನದ ಕಚೇರಿಗೆ ಅಂಟಿಕೊಂಡ ಹಾಸ್ಟೆಲಿನಲ್ಲಿ ಅವಳು ಅಡುಗೆಯವಳು. ಕಾಡು ಉಳಿಸುವುದನ್ನು ಕಲಿಯಲು ಇಂಟರ್ನ್‌ಗಳು ಬರುತ್ತಾರೆ, ತಿನ್ನುತ್ತಾರೆ, ಹೋಗುತ್ತಾರೆ. ತಟ್ಟೆ ಎತ್ತುವುದನ್ನು ಯಾರೂ ಕಲಿಯಲಿಲ್ಲ. ಅವಳ ಗಂಡ ಅಲ್ಲೇ ಗಾರ್ಡ್. ಉಪ್ಪು ಕಮ್ಮಿಯಾದರೆ ಬಾಯಿ ಮಾಡುತ್ತಿದ್ದ, ಜಾಸ್ತಿಯಾದರೆ ಸುಮ್ಮನೆ ತಿನ್ನುತ್ತಿದ್ದ. ಅಂಥ ಮನುಷ್ಯ.

ಒಂದು ಬೆಳಿಗ್ಗೆ ಕಾಡಿಗೆ ನಡೆದುಕೊಂಡು ಹೋದ ಅವನನ್ನು ಕರಡಿ ಕೊಂದಿತು. ಜೀಪಿಲ್ಲದೆ ಗಾರ್ಡ್ ಕಾಡಿನೊಳಗೆ ಕಾಲಿಡುವಂತಿಲ್ಲ ಎಂಬುದು ಉದ್ಯಾನದ ನಿಯಮ. "ಅವನೇ ಜೀಪು ಬೇಡ ಅಂದ, ಧಿಮಾಕು," ಎಂದು ಉದ್ಯಾನದ ಸಾಹೇಬರು ಊರಿಗೆಲ್ಲ ಹೇಳಿಕೊಂಡು ಬಂದರು. ತಪ್ಪನ್ನು ಸತ್ತವನ ತಲೆಗೆ ಕಟ್ಟಿದರು. ಆ ಬೆಳಿಗ್ಗೆ ಶೆಡ್ಡಿನಲ್ಲಿ ಜೀಪೇ ಇರಲಿಲ್ಲ, ಅವಳು ಕಣ್ಣಾರೆ ನೋಡಿದ್ದಳು. ಎಲ್ಲಿತ್ತೆಂದು ಕೇಳಿದರೆ ಜೀಪಿನ ಡ್ರೈವರ್ ನೆಲ ನೋಡುತ್ತಿದ್ದ.

ಕೆಲವು ವಾರ ಕಳೆದು ಇಂಟರ್ನ್ ಹುಡುಗಿಯೊಬ್ಬಳು ಅಡುಗೆಮನೆಗೆ ಬಂದಳು.

"ಅಕ್ಕಾ, ಕಾಡುಪ್ರಾಣೀನ ದ್ವೇಷಿಸ್ಬಾರ್ದು ಅಂತ ಊರಿನವರಿಗೆ ನಾಟಕ ಮಾಡ್ತಿದೀವಿ. ಕೊನೇಲಿ ನೀವು ಬಂದು, ಕರಡಿ ಮೇಲೆ ಸಿಟ್ಟಿಲ್ಲ ಅನ್ಬೇಕು. ಆಮೇಲೆ ಕರಡೀನ ಅಪ್ಕೋಬೇಕು."

"ಯಾವ ಕರಡೀನಮ್ಮ?"

"ನಮ್ಮವನೇ ಅಕ್ಕ, ವೇಷ ಹಾಕಿರ್ತಾನೆ. ಅಳು ಬಂದ್ರೆ ತಡ್ಕೋಬೇಡಿ, ತುಂಬ ಚೆನ್ನಾಗಿ ಬರತ್ತೆ."

 ಅವಳು "ಆಗಲಿ" ಎಂದಳು. ಊರೆಲ್ಲ ಸೇರಿದ ಕಡೆ ಮೈಕು ಅವಳ ಕೈಗೆ ಇನ್ಯಾವಾಗ ಬರಬೇಕು?

ಅಭ್ಯಾಸದಲ್ಲಿ ಒಬ್ಬ ಅವಳ ಗಂಡನಾದ. ಸಾಯುವಾಗ ನಾಲಿಗೆ ಹೊರಗೆ ಹಾಕಿದ. ಉಳಿದವರು ಬಿದ್ದು ಬಿದ್ದು ನಕ್ಕರು. ಅವಳನ್ನು ಕಂಡು "ಸಾರಿ ಅಕ್ಕ" ಎಂದರು. ಮತ್ತೆ ನಕ್ಕರು. ಮಧ್ಯಾಹ್ನ ಅದೇ ಬಾಯಿಗಳಿಗೆ ಅವಳು ಬಡಿಸಿದಳು. ಥೂ.

ನಾಟಕದ ದಿನ ಶಾಲೆಯ ಬಯಲು ತುಂಬಿತ್ತು. ಸಾಹೇಬರು ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ವೇಷದ ಕರಡಿ ಕೈ ಚಾಚಿಕೊಂಡು ಬಂತು. ಅವಳು ಅದನ್ನು ಪಕ್ಕಕ್ಕೆ ತಳ್ಳಿದಳು.

"ಕರಡಿ ಮೇಲೆ ನಂಗೆ ಸಿಟ್ಟಿಲ್ಲ. ಅದು ಪ್ರಾಣಿ. ನನ್ನ ಗಂಡ ಜೀಪು ಬೇಡ ಅಂದನಂತೆ. ಏನಪ್ಪಾ ಡ್ರೈವರಾ, ಎಲ್ಲಿತ್ತು ಜೀಪು?"

"ಏಯ್, ಮೈಕ್ ಕಿತ್ಕೊಳ್ರೋ!" ಸಾಹೇಬರು ಎದ್ದೇ ಬಿಟ್ಟರು.

ಜನರ ಹಿಂದೆ ನಿಂತಿದ್ದ ಡ್ರೈವರ್ ತಲೆ ಎತ್ತಿದ.

"ಬಸ್‌ಸ್ಟ್ಯಾಂಡಲ್ಲಿತ್ತು ಅಕ್ಕ. ಈ ಇಂಟರ್ನ್‌ಗಳ ಪೆಟ್ಟಿಗೆ ತರೋಕೆ ಸಾಹೇಬ್ರೇ ಕಳ್ಸಿದ್ರು. ನಿಮ್ ಯಜಮಾನ್ರು ಜೀಪು ಕೇಳಿದ್ರು. ನಡ್ಕೊಂಡು ಹೋಗು, ಇಲ್ಲಾಂದ್ರೆ ಕೆಲಸ ಬಿಡು ಅಂದ್ರು ಸಾಹೇಬ್ರು."

ಹುಡುಗಿ ಓಡಿಬಂದು ಅವಳ ಕಿವಿಯಲ್ಲಿ, "ಅಕ್ಕ, ಒಂದ್ಸಲ ಅಪ್ಕೊಂಡು ಮುಗಿಸ್ಬಿಡಿ, ಪ್ಲೀಸ್," ಎಂದಳು.

ಅವಳಿಗೆ ಉಗುಳಬೇಕೆನಿಸಿತು. ಉಗುಳಲಿಲ್ಲ. ಮೈಕನ್ನು ನೆಲಕ್ಕೆ ಹಾಕಿ ಮನೆಗೆ ನಡೆದಳು. ಹಾಸ್ಟೆಲಿನ ಒಲೆಯನ್ನು ಅಂದು ಯಾರು ಹಚ್ಚಿದರೋ, ಅವಳು ವಿಚಾರಿಸಲಿಲ್ಲ.