ಸ್ಟಿಕರ್ ಕೆಳಗಿನ ಬಿರುಕು

ಗೆಳೆಯರೇ, ಬ್ಯಾಡಗಿಯ ಮಹಾಂತೇಶ ಇವತ್ತು ಹಾವೇರಿಗೆ, ನಮ್ಮ ಮನೆಗೆ ಬಂದಿದ್ದ. ಮೆಣಸಿನಕಾಯಿ ವ್ಯಾಪಾರಿ; ಚೀಲದ ತಳದವರೆಗೆ ಕೈ ಹಾಕಿ ನೋಡದೆ ದರ ಹೇಳುವವನಲ್ಲ. ಅಂಥವನು ವಾಟ್ಸಾಪ್ ಫೋಟೋ ನೋಡಿ ಹುಬ್ಬಳ್ಳಿಯ ಯಾರಿಂದಲೋ ಹಳೆಯ ನೀಲಿ ಕಾರ್ಬನ್ ಸೈಕಲ್ ಫ್ರೇಮ್ ಕೊಂಡಿದ್ದ. ಗಾಲಿ, ಗೇರು ನಾನು ಜೋಡಿಸಿಕೊಡಬೇಕಿತ್ತು.

ನಾಣ್ಯದಿಂದ ತಟ್ಟುತ್ತ ಹೋದೆ. ಟಣ್ ಟಣ್ ಅನ್ನುತ್ತಿದ್ದ ಫ್ರೇಮ್, ಹ್ಯಾಂಡಲ್ ಕೆಳಗಿನ ಸ್ಟಿಕರ್ ಮೇಲೆ ದಪ್ ಅಂದಿತು. ಸ್ಟಿಕರ್ ಕಿತ್ತೆ. ಬಿರುಕು. ಕಾರ್ಬನ್ ಕಬ್ಬಿಣದ ಹಾಗೆ ಬಾಗುವುದಿಲ್ಲ, ಓಡುವಾಗಲೇ ಮುರಿಯುತ್ತದೆ.

ಈ ಬಿರುಕು ನನಗೆ ಹಳೆಯ ಪರಿಚಯ. ಫ್ರೇಮ್ ರಾಣೆಬೆನ್ನೂರಿನ ಗೆಳೆಯ ಪ್ರಕಾಶನದು; ಹೋದ ವರ್ಷ ಅವನಿಗೆ ಇದನ್ನೇ ತೋರಿಸಿ, ಗುಜರಿಗೆ ಹಾಕು ಎಂದಿದ್ದೆ. ಅವನಿಗೆ ಫೋನ್ ಮಾಡಿ, ಗುಜರಿಗೆ ಹಾಕದೆ ಮಾರಿದೆಯಾ ಎಂದು ಕೇಳಿದೆ.

"ನಮ್ಮೋರಿಗೆ ಮಾರಿಲ್ಲೋ ಸಲೀಂ. ಹುಬ್ಬಳ್ಳ್ಯಾಗ ಯಾವನೋ ಗುರ್ತಿಲ್ಲದಾಂವಗ ಕೊಟ್ಟೇನಿ. ನಮ್ಮೋರಿಗೆ ಅಂಥಾದ್ದು ಮಾಡ್ತೇನೇನು?" ಎಂದ, ನೊಂದುಕೊಂಡು.

ಪಕ್ಕದಲ್ಲೇ ಕೇಳುತ್ತಿದ್ದ ಮಹಾಂತೇಶ, "ಮನಶ್ಯಾ ಅದಾನೇನು ಅಂವ?" ಎಂದು ಬೈದ. ಕಿತ್ತ ಸ್ಟಿಕರ್ ಎತ್ತಿಕೊಂಡು ತಿರುವಿ ನೋಡಿದ. ಆಮೇಲೆ ಅಂದ: "ಸ್ಟಿಕರ್ ಹರಿದಿಲ್ಲ ಹೌದಿಲ್ಲೋ? ಮತ್ತ ಹಚ್ಚು. ದಾವಣಗೆರೆ ಗ್ರೂಪಿಗೆ ಹಾಕ್ತೇನಿ. ಅಲ್ಲಿ ನಮ್ಮೋರು ಯಾರೂ ಇಲ್ಲ."

ಫ್ರೇಮ್ ಕತ್ತರಿಸಿಯೇ ಬಿಡೋಣವೆಂದು ನಾನು ಗರಗಸ ತೆಗೆದುಕೊಂಡೆ. ಅವನು ಫ್ರೇಮ್ ಕಸಿದುಕೊಂಡು ಹೋದ.

ದಾವಣಗೆರೆಯವರೇ, ನೀವು ನಮ್ಮವರಲ್ಲವಂತೆ. ಆದರೂ ಹೇಳುತ್ತೇನೆ: ನೀಲಿ ಫ್ರೇಮ್ ಮಾರಾಟಕ್ಕೆ ಬಂದರೆ ಕೊಳ್ಳುವ ಮೊದಲೇ ಸ್ಟಿಕರ್ ಕಿತ್ತು ನೋಡಿ. ಕೊಂಡ ಮೇಲೆ ನೋಡಿದರೆ, ನೀವೂ ಗುರುತಿಲ್ಲದವರನ್ನು ಹುಡುಕಲು ಶುರುಮಾಡುತ್ತೀರಿ.