ಸುಳ್ಳು ತೂಕ

ಅಕ್ಕೋರ ಹೆಬ್ಬೆರಳೂ ನಡುಬೆರಳೂ ನನ್ನ ರಟ್ಟೆಯನ್ನು ಬಳಸಿ ಒಂದನ್ನೊಂದು ಮುಟ್ಟಿದ ಮೇಲೂ ಒಳಗೆ ಇನ್ನೊಂದು ಬೆರಳು ತೂರುವಷ್ಟು ಜಾಗ ಉಳಿಯುತ್ತಿತ್ತು. ಆ ಬೆರಳುಗಳಿಗೆ ಸದಾ ಬೇಯಿಸಿದ ಕಡಲೆಯ ವಾಸನೆ. ಹಿಡಿಯುವ ಮೊದಲು ಬಳೆಗಳನ್ನು ಮೊಣಕೈತನಕ ಸರಿಸಿಕೊಳ್ಳುತ್ತಿದ್ದರು, ತಣ್ಣನೆಯ ಬಳೆ ತಾಗಿದರೆ ಮಕ್ಕಳು ಬೆಚ್ಚುತ್ತವೆ ಎಂದು. ಹಿಡಿದಾಗ ನನ್ನ ಮುಖ ನೋಡುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತ ಸುಮ್ಮನಾಗಿಬಿಡುತ್ತಿದ್ದರು. ಅವರು ಸುಮ್ಮನಾದರೆ ನನಗೆ ಅಂಜಿಕೆ.

ಮರಾಠಿ ಸೀಮೆಯ ಗಡಿಯಲ್ಲಿ, ತುರೋರಿಯಿಂದ ಒಳಗಿರುವ ನಮ್ಮೂರಿನ ಅಂಗನವಾಡಿಗೆ ಅವರು ಅಕ್ಕೋರು, ಅಂದರೆ ಶಿಕ್ಷಕಿ. ಗಡಿಯ ಆಚೆಯ ಕನ್ನಡ ಸೀಮೆಯಿಂದ ಮದುವೆಯಾಗಿ ಬಂದವರು. ನಮ್ಮೊಂದಿಗೆ ಕನ್ನಡ, ತಪಾಸಣೆಗೆ ಬರುವ ಮೇಡಮ್ಮರೊಂದಿಗೆ ಮರಾಠಿ. ರಿಜಿಸ್ಟರನ್ನೂ ಮರಾಠಿಯಲ್ಲೇ ಬರೆಯಬೇಕಿತ್ತು. ಒಂದೊಂದು ಅಕ್ಷರವನ್ನೂ ಬಾಯಲ್ಲಿ ಅಂದುಕೊಂಡು ಬರೆಯುತ್ತಿದ್ದರು. ಹಣೆಯ ತುಂಬ ವಿಭೂತಿ. ನಗು ಕಡಿಮೆ, ಬೈಗಳು ಹೆಚ್ಚು. ಉಣ್ಣದೆ ಕೂತ ಮಗುವಿಗೆ, "ತಿನ್ನ, ಇಲ್ಲಾಂದ್ರ ನಾ ತಿಂದು ಇನ್ನೂ ದಪ್ಪ ಆಗ್ತೀನಿ, ಈ ಬಾಗಲದಾಗ ಹಿಡಿಯಂಗಿಲ್ಲ" ಅನ್ನುತ್ತಿದ್ದರು. ಅವರು ದಪ್ಪಗೇನೂ ಇರಲಿಲ್ಲ.

ತಿಂಗಳಿಗೊಮ್ಮೆ ತೊಲೆಗೆ ತಕ್ಕಡಿ ತೂಗುಹಾಕಿ ನಮ್ಮನ್ನು ಅದರ ಬಟ್ಟೆಯ ಚೀಲದಲ್ಲಿ ಕೂರಿಸಿ ತೂಗುತ್ತಿದ್ದರು. ತೂಕ ಬೆಳವಣಿಗೆ ಪಟ್ಟಿಯ ಕೆಂಪು ಗೆರೆಯ ಕೆಳಗೆ ಬಂದರೆ ಎರಡರಷ್ಟು ಊಟ, ತಾಲೂಕಿನ ದವಾಖಾನೆಯಲ್ಲಿ ತಪಾಸಣೆ. ಜೊತೆಗೆ ಮಗುವಿನ ಹೆಸರು ಊರಿಗೆಲ್ಲ ಗೊತ್ತಾಗುತ್ತಿತ್ತು. ನನಗೆ ನಾಲ್ಕು ವರ್ಷವಿದ್ದಾಗ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಲೋಹಾರಾದಲ್ಲಿ ಸಂಬಂಧ ಕೂಡುತ್ತಿತ್ತು. ನಮ್ಮದು ಹಳೆಯ ಮನೆತನ, ಹೊಲ ಇತ್ತು. ಆ ಹೊಲದಲ್ಲಿ ಮಣ್ಣಿಗಿಂತ ಕಲ್ಲು ಹೆಚ್ಚು. ಮನೆಯ ಕೂಸು ಕೆಂಪು ಗೆರೆಯ ಕೆಳಗಿದೆ ಎಂದು ಗೊತ್ತಾದರೆ, ಈ ಮನೆಯಲ್ಲಿ ಜೋಳವಿಲ್ಲ ಎಂದು ಬೀಗರಾಗುವವರು ತಿರುಗಿ ಹೋಗುತ್ತಾರೆ. ಹಾಗಾಗಿ ತೂಗುವ ದಿನ ನಮ್ಮ ಅಜ್ಜಿ ನನ್ನ ಲಂಗದ ಒಳಗೆ ಕಿಸೆ ಹೊಲಿದು ಅರ್ಧ ಕಿಲೋದ ಕಬ್ಬಿಣದ ತೂಕದ ಕಲ್ಲು ಇಟ್ಟಳು. ಯಾರಿಗಾದರೂ ಹೇಳಿದರೆ ಸಾಹೇಬರು ಜೀಪಿನಲ್ಲಿ ಬಂದು ನನ್ನನ್ನು ಒಯ್ಯುತ್ತಾರೆ ಅಂದಳು.

ತೊಡೆಗೆ ಬಡಿಯುತ್ತಿದ್ದ ಆ ಕಬ್ಬಿಣದ ತಣುಪು ನನಗೆ ಇವತ್ತಿಗೂ ನೆನಪಿದೆ. ಅಕ್ಕೋರು ಮುಳ್ಳು ನೋಡಿದರು. ನನ್ನ ರಟ್ಟೆ ಹಿಡಿದರು. ಮತ್ತೆ ಮುಳ್ಳು ನೋಡಿದರು. ಚೀಲದಿಂದ ಇಳಿಸುವಾಗ ಅವರ ಕೈ ಲಂಗದ ಮೇಲೆ ಒಂದು ಕ್ಷಣ ನಿಂತಿತು. ನಾನು ಅಲ್ಲೇ ಉಚ್ಚೆ ಹೊಯ್ದುಕೊಂಡೆ. ಅವರು ಒರೆಸಿ, ರಿಜಿಸ್ಟರಿನಲ್ಲಿ ಏನೋ ಬರೆದರು.

ಮರುದಿನದಿಂದ ಬೇರೆ ಮಕ್ಕಳು ಮನೆಗೆ ಹೋದ ಮೇಲೂ ನನ್ನನ್ನು ಹಿಡಿದಿಟ್ಟುಕೊಳ್ಳತೊಡಗಿದರು. ಮನೆಯಿಂದ ತಂದ ರೊಟ್ಟಿ, ಶೇಂಗಾದ ಚಟ್ನಿಪುಡಿ, ಒಮ್ಮೊಮ್ಮೆ ಹಾಲು. ಬಾಗಿಲ ಹೊರಗೆ ಯಾರಾದರೂ ಗಂಡಸರು ಕೆಮ್ಮಿದರೆ ನಾನು ರೊಟ್ಟಿ ಬಿಟ್ಟು ಕಾಳಿನ ಚೀಲಗಳ ಹಿಂದೆ ಅಡಗುತ್ತಿದ್ದೆ. ಮನೆಯಲ್ಲಿ ಅಪ್ಪ ಕುಡಿದು ಬಂದಾಗ ಹಾಗೇ ಒಲೆಯ ಹಿಂದೆ ಅಡಗುವುದು ರೂಢಿಯಾಗಿತ್ತು. ಅಮ್ಮನಿಗೆ ಬೀಳುವ ಹೊಡೆತ ಅಲ್ಲಿಂದ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಅಕ್ಕೋರು ನನ್ನನ್ನು ಎಳೆದು ತರುತ್ತಿರಲಿಲ್ಲ. ರೊಟ್ಟಿ ಹಿಡಿದುಕೊಂಡು ತಾವೇ ಚೀಲಗಳ ಹಿಂದೆ ಬಂದು ಕೂಡುತ್ತಿದ್ದರು. ಒಮ್ಮೆ ನನ್ನನ್ನು ಕರೆಯಲು ಬಂದ ಅಮ್ಮನಿಗೆ ಹೇಳಿದರು:

"ಈ ಕೂಸಿಗಿ ಬರೇ ಹಸಿವಿ ಅಲ್ಲ ಯವ್ವಾ, ಅಂಜಿಕಿ ಅದ. ಅಂಜಿಕೋತ ಉಂಡಿದ್ದು ಮೈಗಿ ಹತ್ತಂಗಿಲ್ಲ."

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತೆಯ ಲಗ್ನ ಸುಸೂತ್ರವಾಗಿ ಆಯಿತು.

ನಾನು ಓದಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಈಗ ನಿಲಂಗಾದಲ್ಲಿ ಶಿಕ್ಷಕಿ. ಬಸುರಿಯಾದ ಐದನೆಯ ತಿಂಗಳಿಗೆ ರಕ್ತದಲ್ಲಿ ಸಕ್ಕರೆ ಏರಿತು, ಜೊತೆಗೆ ಬಿಪಿ. ಉದಗೀರದ ಡಾಕ್ಟರಿಗೆ ಅಚ್ಚರಿ. ಮೈ ಸಣ್ಣ, ವಯಸ್ಸು ಸಣ್ಣದು, ತಂದೆ ತಾಯಿಗೆ ಸಕ್ಕರೆ ಕಾಯಿಲೆಯಿಲ್ಲ. ಸಣ್ಣವರಿದ್ದಾಗ ಊಟಕ್ಕೆ ಕೊರತೆ ಇತ್ತೇ, ಮನೆಯಲ್ಲಿ ತೊಂದರೆ ಇತ್ತೇ ಎಂದು ಮರಾಠಿಯಲ್ಲಿ ಕೇಳಿದರು. ಎಳವೆಯಲ್ಲಿ ಹಸಿದು, ಹೆದರಿ ಬೆಳೆದ ಮೈ ಮುಂದೆ ಕೆಲವೊಮ್ಮೆ ಹೀಗೆ ಕೈಕೊಡುತ್ತದೆ, ಹಾಗಿದ್ದರೆ ಹೊಟ್ಟೆಯಲ್ಲಿರುವ ಕೂಸಿನ ಬೆಳವಣಿಗೆಯನ್ನು ಪದೇ ಪದೇ ನೋಡಬೇಕಾಗುತ್ತದೆ ಅಂದರು. ಪಕ್ಕದಲ್ಲಿ ನನ್ನ ಗಂಡ, ಅತ್ತೆಮನೆಯವರು ಕೂತಿದ್ದರು. ನಾನು ಹೇಳಿದೆ: ನಮ್ಮದು ಹೊಲಮನೆ ಇದ್ದ ಮನೆತನ, ಉಣ್ಣಲಿಕ್ಕೆ ಉಡಲಿಕ್ಕೆ ಏನೂ ಕೊರತೆ ಇರಲಿಲ್ಲ. ಡಾಕ್ಟರು ಅದನ್ನೇ ಬರೆದುಕೊಂಡರು.

ಅವತ್ತಿನಿಂದ ಕೂಸು ಸ್ವಲ್ಪ ಹೊತ್ತು ಅಲುಗಾಡದಿದ್ದರೆ ಪಾಠ ನಿಲ್ಲಿಸಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದೆ. ಅಂಜಿಕೆ ತಾಳದೆ ಅಕ್ಕೋರನ್ನು ಹುಡುಕಿಕೊಂಡು ಮುರುಮ ಎಂಬ ಊರಿಗೆ ಹೋದೆ. ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಎದ್ದು ಕೂರಲೂ ಆಗದಷ್ಟು ಕಾಯಿಲೆ. ನಾನು ಸಣ್ಣವಳಿದ್ದಾಗ ನನ್ನ ತೂಕ ಖರೇ ಎಷ್ಟಿತ್ತು ಎಂದು ಕೇಳಿದೆ.

"ನೆನಪಿಲ್ಲ. ಬರ್ದಿದ್ದಂತೂ ಸುಳ್ಳ," ಅಂದರು. "ಕಲ್ಲಿಂದು ಗೊತ್ತಿತ್ತು ನನಗ. ನಿಮ್ಮತ್ತಿ ಲಗ್ನ ಮುರೀತದಂತ ಕಲ್ಲು ಸುದ್ದಾ ಕೂಡ್ಸೇ ಬರ್ದೆ. ನಿನ್ನ ಪಾಲಿನ ಊಟ, ದವಾಖಾನಿ, ಎಲ್ಲಾ ನಾನೇ ತಪ್ಪಿಸ್ದೆ. ಮನಿಂದು ರೊಟ್ಟಿ ತಂದು ತಿನ್ನಿಸ್ದೆ ಖರೇ, ರೊಟ್ಟಿಲಿಂದ ಎಷ್ಟಂತ ಆಗ್ತದ? ನಿನ್ನ ಸುದ್ದಿ ಬಂದಾಗೊಮ್ಮೆ ಅಂಜತಿದ್ದೆ ನೋಡು, ಹುಡುಗಿಗಿ ಏನರ ಆತೇನೋ ಅಂತ."

ಇಷ್ಟು ವರ್ಷ ನನಗಾಗಿ ಇನ್ನೊಬ್ಬರು ಅಂಜಿಕೊಂಡಿದ್ದರು ಎಂಬುದು ನನಗೆ ಗೊತ್ತೇ ಇರಲಿಲ್ಲ. ಸಮಾಧಾನ ಹೇಳಲು ಬಾಯಿ ತೆರೆದೆ. ಅವರು ತಡೆದು, ಡಾಕ್ಟರಿಗೆ ಏನು ಹೇಳಿದೆ ಎಂದು ಕೇಳಿದರು. ಹೇಳಿದೆ. ಅವರು ಬಾಗಿಲ ಕಡೆ ನೋಡಿದರು.

"ನಿಮ್ಮಜ್ಜಿ ಮಗಳ ಲಗ್ನಕ್ಕ ಅಂಜಿದ್ಳು. ನಾ ಊರಿಗಿ ಅಂಜಿದೆ. ಇಷ್ಟು ಓದೀದಿ, ನೀ ಯಾರಿಗಿ ಅಂಜಿದಿ?"

ಅತ್ತೆಮನೆಯವರ ಮುಂದೆ ಹಸಿದ ಮನೆಯ ಮಗಳು ಎನಿಸಿಕೊಳ್ಳಲು ನಾಚಿಕೆ ಎಂದು ಅಕ್ಕೋರ ಮುಂದೆ ಹೇಗೆ ಹೇಳಲಿ?

ಎಂಟು ದಿನ ಕಳೆಯುವುದರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಗಂಡನನ್ನು ಕರೆದುಕೊಂಡು ಹೋದೆ. ಅಂಗಳದ ಬಾಯಿಗೆ ಬರುತ್ತಲೇ ಹೆಂಗಸರು ನನ್ನನ್ನು ತಡೆದರು. ಬಸುರಿ ಹೆಣದ ಮುಖ ನೋಡಬಾರದು. ಒಳಗೆ ಅವರನ್ನು ಕೂರಿಸಿ ವಿಭೂತಿ ಹಚ್ಚಿ ಹೂ ಏರಿಸುತ್ತಿದ್ದರು; ಭಜನೆ ಕೇಳುತ್ತಿತ್ತು. ನಾನು ರಸ್ತೆಯಲ್ಲಿ, ಕಬ್ಬಿನ ಟ್ರಾಕ್ಟರುಗಳ ಧೂಳಿನಲ್ಲಿ ನಿಂತಿದ್ದೆ. ಒಂದು ಹಿಡಿ ಮಣ್ಣು ಹಾಕಲೂ ನನಗೆ ಅವಕಾಶವಿರಲಿಲ್ಲ. ಮನೆಗೆ ಹೋಗೋಣವೇ ಎಂದು ಗಂಡ ಕೇಳಿದ. ಉದಗೀರಕ್ಕೆ ಹೋಗೋಣ ಅಂದೆ.

ಎರಡು ಬಸ್ಸು ಬದಲಿಸಿ ಹೋದೆವು. ಗಂಡನನ್ನು ಹೊರಗೆ ಕಳಿಸಲಿಲ್ಲ. ಅವನ ಎದುರಿಗೇ ಡಾಕ್ಟರಿಗೆ ಹೇಳಿದೆ: ಮೊನ್ನೆ ಹೇಳಿದ್ದು ಸುಳ್ಳು. ನಾನು ಹಸಿದು ಬೆಳೆದವಳು. ಅಪ್ಪ ಕುಡಿಯುತ್ತಿದ್ದ, ಅಮ್ಮನನ್ನು ಹೊಡೆಯುತ್ತಿದ್ದ, ನಾನು ಒಲೆಯ ಹಿಂದೆ ಅಡಗುತ್ತಿದ್ದೆ. ಗಂಡ ನನ್ನ ಕಡೆ ತಿರುಗಿದ. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಡಾಕ್ಟರು ಹಳೆಯ ಸಾಲನ್ನು ಹೊಡೆದುಹಾಕಿ ಕೇಳಿದರು, ಎಷ್ಟು ವಯಸ್ಸಿನಿಂದ ಎಷ್ಟು ವಯಸ್ಸಿನವರೆಗೆ?

ಈಗ ಹದಿನೈದು ದಿನಕ್ಕೊಮ್ಮೆ ತಪಾಸಣೆ. ಕೂಸು ಸ್ವಲ್ಪ ಸಣ್ಣದಿದೆ ಅನ್ನುತ್ತಾರೆ, ನೋಡುತ್ತಿದ್ದೇವೆ ಅನ್ನುತ್ತಾರೆ. ಮುಂದಿನ ತಿಂಗಳು ಹೆರಿಗೆ. ನನ್ನ ಅಂಜಿಕೆ ಹೋಗಿಲ್ಲ. ಕೂಸಿನ ತೂಕ ಎಷ್ಟು ಬರುತ್ತದೋ ಗೊತ್ತಿಲ್ಲ, ಬಂದಷ್ಟನ್ನೇ ಬರೆಸುತ್ತೇನೆ.